ಅತ್ತಿಗೆ ಬರೆದುಕೊಂಡ ಅಳತೆ

ಆ ಶೆಡ್ಡಿನಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೇ, ಗಂಡನ ತಮ್ಮ ಚಿಕ್ಕೋನಿಗೆ. ಅವನು ಕರೆಯುವುದನ್ನು ಕೇಳಿ ಕೇಳಿ ಕಟಿಂಗ್ ಮೇಸ್ತ್ರಿಯೂ ಅತ್ತಿಗೆ ಅಂದ, ಲಾರಿಯವನೂ ಅತ್ತಿಗೆ ಅಂದ. ಕಡೆಗೆ ಮೀನಿನ ಅಂಗಡಿಯ ಅರವತ್ತು ದಾಟಿದ ಸಾಹುಕಾರರೂ ಫೋನಿನಲ್ಲಿ "ಅತ್ತಿಗೆಮ್ಮಾ, ನಮ್ಮ ಕೋಣೆ ಎಲ್ಲಿಗೆ ಬಂತು?" ಅನ್ನತೊಡಗಿದರು. "ನಮ್ಮ ಮನೆಯವರಿಗೆ ಇಷ್ಟು ದೊಡ್ಡ ತಮ್ಮ ಇರೋದು ನನಗೆ ಗೊತ್ತೇ ಇರಲಿಲ್ಲ ನೋಡಿ" ಅಂತ ಅವಳು ನಗುತ್ತಿದ್ದಳು.

ಅವರದು ತಣ್ಣನೆಯ ಕೋಣೆ ಮಾಡಿಕೊಡುವ ಕಸುಬು. ಮನೆಯಲ್ಲಿಡುವ ಫ್ರಿಜ್ ಅಲ್ಲ, ಮನುಷ್ಯ ತಲೆ ಬಗ್ಗಿಸದೆ ನಡೆದು ಒಳಗೆ ಹೋಗುವಂಥ ಕೋಣೆ. "ನಾವು ಕೋಣೆಗೆ ದರ್ಜಿಗಳು" ಅಂತ ಅವಳ ಗಂಡ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಮೀನಿನವರಿಗೆ ನೆಲ ಒಂದು ಕಡೆ ಇಳಿಜಾರಾಗಬೇಕು, ಕಾಲು ಜಾರದ ಹಾಗೆ ತಗಡಿನ ಮೇಲೆ ಗೆರೆ ಬೇಕು. ಹೂವಿನವರಿಗೆ ಫ್ಯಾನಿನ ಗಾಳಿ ನೇರ ಬಡಿಯಬಾರದು, ಬಡಿದರೆ ಸಂಜೆಯೊಳಗೆ ಎಸಳು ಕಪ್ಪು. ಬೇಕರಿಯವರಿಗೆ ಹೊಸ್ತಿಲೇ ಕೂಡದು, ತಟ್ಟೆ ಜೋಡಿಸಿದ ಗಾಡಿ ಸಲೀಸಾಗಿ ಉರುಳಬೇಕು. ಔಷಧಿಯವರಿಗಂತೂ ಯಂತ್ರವೇ ಎರಡು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ.

ಕೋಣೆಯ ಗೋಡೆ ಅಂದರೆ ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಹಲಗೆ, ನಾಲ್ಕಿಂಚು ದಪ್ಪ. ಹಲಗೆಯ ಒಂದು ಅಂಚು ಗಂಡು, ಇನ್ನೊಂದು ಹೆಣ್ಣು. ಒಂದರೊಳಗೆ ಒಂದು ಕೂತರೆ ಗಾಳಿಗೂ ದಾರಿಯಿಲ್ಲ. ಗೋಡೆ ಇಷ್ಟು ದಪ್ಪ ಇರುವುದರಿಂದ ಅಲ್ಲಿ ಅಳತೆ ಅಂದರೆ ಎರಡು, ಒಳ ಅಳತೆ, ಹೊರ ಅಳತೆ. ನಡುವೆ ಎಂಟಿಂಚಿನ ವ್ಯತ್ಯಾಸ, ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಕೋಣೆಯೊಳಗೆ ಸಾಮಾನು ಹಿಡಿಸುತ್ತದೋ ಇಲ್ಲವೋ ಅನ್ನುವುದಕ್ಕೆ ಒಳ ಅಳತೆ, ಜಾಗದಲ್ಲಿ ಕೋಣೆ ಕೂರುತ್ತದೋ ಇಲ್ಲವೋ ಅನ್ನುವುದಕ್ಕೆ ಹೊರ ಅಳತೆ.

ಜಾಗಕ್ಕೆ ಹೋಗಿ ಟೇಪು ಹಿಡಿಯುವವನು ಚಿಕ್ಕೋನು. ಎರಡು ಕೈಯಲ್ಲೂ ಟೇಪು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಅಲ್ಲಿಂದಲೇ ಅಳತೆ ಹೇಳುತ್ತಿದ್ದ. ಶೆಡ್ಡಿನ ಮೂಲೆಯ ಮೇಜಿನಲ್ಲಿ ಕೂತು ಅದನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುವವಳು ಅತ್ತಿಗೆ. ಒಳ ಅಳತೆಯಾದರೆ ಅಂಕಿಯ ಪಕ್ಕ ಒಂದು 'ಒ', ಹೊರ ಅಳತೆಯಾದರೆ 'ಹೊ'. ಆ ಪುಸ್ತಕ ನೋಡಿ ಮೇಸ್ತ್ರಿ ಹಲಗೆ ಕತ್ತರಿಸುತ್ತಿದ್ದ. ಹದಿನಾರು ವರ್ಷ ಹೀಗೇ ನಡೆದಿತ್ತು.

ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಪ್ಪ ಐಸ್ ಕಾರ್ಖಾನೆಯಲ್ಲಿ ಮಂಜುಗಡ್ಡೆ ಎತ್ತುತ್ತಿದ್ದವನು. ಅಮ್ಮ ಹಾಸಿಗೆ ಹಿಡಿದ ವರ್ಷ ಇವಳ ಶಾಲೆ ನಿಂತಿತು. ಅಕ್ಷರ ಕಡಿಮೆಯಾದರೂ ಕಿವಿ ಮಾತ್ರ ದೇವರು ಕೊಟ್ಟಿದ್ದು. ಒಮ್ಮೆ ಕೇಳಿದ ದನಿಯನ್ನು ಅವಳು ಮರೆಯುತ್ತಿರಲಿಲ್ಲ. ಮರೆಯುವುದಿರಲಿ, ತಿರುಗಿ ಆಡಿ ತೋರಿಸುತ್ತಿದ್ದಳು. ಮೂಗಿನಲ್ಲಿ ಮಾತಾಡುವ ಬ್ಯಾಂಕಿನವನು, ಮಾತಿಗೊಮ್ಮೆ ಕೆಮ್ಮುವ ಲಾರಿ ಮಾಲೀಕ, ಕೊನೆಯ ಅಕ್ಷರ ನುಂಗುವ ಬೇಕರಿಯವನು, ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆಗಿದ್ದರು. ಟೀ ಹೊತ್ತಿಗೆ ಕೆಲಸದವರು "ಅತ್ತಿಗೆ, ಇವತ್ತು ಯಾರು ಬಂದಿದ್ರು?" ಅಂತ ಸುತ್ತ ಕೂರುತ್ತಿದ್ದರು. ನಗಿಸುವುದು ಅವಳಿಗೆ ಹೆಮ್ಮೆ. ಬೇರೆ ಹೆಮ್ಮೆ ಪಡಲು ಅವಳ ಹತ್ತಿರ ಹೆಚ್ಚೇನೂ ಇರಲಿಲ್ಲ ಅನ್ನಿ.

ಮದುವೆಯಾಗಿ ಬಂದಾಗ ಅತ್ತೆ ಇರಲಿಲ್ಲ. ತಾಯಿಯಿಲ್ಲದ ಮೈದುನನಿಗೆ ತಲೆ ಬಾಚಿ ಬುತ್ತಿ ಕಟ್ಟಿದವಳು ಇವಳೇ. ಅವನ ಬಾಯಲ್ಲಿ 'ಹ' ಹೊರಡುತ್ತಿರಲಿಲ್ಲ. ಅವರ ತಾಯಿ ಕಡೆಯವರಿಗೆ ಯಾರಿಗೂ ಇರಲಿಲ್ಲವಂತೆ. ಅಣ್ಣನಿಗೆ ಮೇಷ್ಟ್ರು ಹೊಡೆದು ಹೊಡೆದು ಬರಿಸಿದ್ದರು. ತಮ್ಮನ ಕಾಲಕ್ಕೆ ಹೊಡೆಯುವ ಮೇಷ್ಟ್ರು ತೀರಿಕೊಂಡಿದ್ದರು, ಅಕ್ಷರವೂ ಅವರ ಜೊತೆಗೇ ಹೋಯಿತು. "ಅತ್ತಿಗೆ, ಅತ್ತು ಗಂಟೆಗೆ ಬರ್ತೀನಿ" ಅಂದರೆ "ಅತ್ತು ಯಾಕೆ ಬರ್ತೀಯಪ್ಪಾ, ನಕ್ಕೊಂಡು ಬಾ" ಅನ್ನುವಳು. "ಮೇಸ್ತ್ರಿ ಊರಿಗೆ ಓದ" ಅಂದರೆ "ಅಯ್ಯೋ, ಎಷ್ಟನೇ ಕ್ಲಾಸು?" ಅನ್ನುವಳು. ಅವನೂ ನಗುತ್ತಿದ್ದ. ಇಪ್ಪತ್ತು ವರ್ಷ ನಕ್ಕಿದ್ದ. ಹಾಗೆ ನಕ್ಕವನಿಗೆ ಒಳಗೆ ನೋಯುತ್ತಿರಬಹುದು ಅಂತ ಅವಳಿಗೆ ಹೊಳೆಯಲೇ ಇಲ್ಲ. ಅಷ್ಟು ಚುರುಕು ಕಿವಿಗೆ ಅದೊಂದು ಕೇಳಿಸಲಿಲ್ಲ.

ಅವನಿಗೆ ಮೂವತ್ತೆರಡಕ್ಕೆ ಮದುವೆಯಾಯಿತು. ಹುಡುಗಿ ಓದಿದವಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಆರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವಳ ತಂದೆ ತಾಯಿ ಊಟಕ್ಕೆ ಬಂದರು. ಮಾತು ಎಲ್ಲೆಲ್ಲಿಗೋ ಹೋಗಿ, ಅತ್ತಿಗೆ ಎಲ್ಲರ ದನಿಯನ್ನೂ ಆಡಿ ತೋರಿಸುತ್ತಾಳಂತೆ ಅನ್ನುವಲ್ಲಿಗೆ ಬಂತು. ಬ್ಯಾಂಕಿನವನಾಯಿತು, ಬೇಕರಿಯವನಾಯಿತು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕಂಡರೆ ಅವಳಿಗೆ ಬ್ರೇಕು ಬೀಳುವುದಿಲ್ಲ. ಚಿಕ್ಕೋನ ಕಡೆಗೆ ಕಣ್ಣು ಹೊಡೆದು ಶುರು ಮಾಡಿದಳು. "ಅಲೋ ಅತ್ತಿಗೆ, ಆಲು ಕೊಡಿ, ಅಣ್ಣು ಕೊಡಿ, ನಾನು ಓಗಿ ಎಣ್ಣು ನೋಡ್ಕೊಂಡು ಬರ್ತೀನಿ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ಹೆಂಡತಿ. ಕಣ್ಣಲ್ಲಿ ನೀರು ಬರುವಷ್ಟು.

ಬೀಗರು ಹೋದ ಮೇಲೆ ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚಿಕ್ಕೋನು ಬಂದು ನಿಂತ.

"ಅತ್ತಿಗೆ, ಇನ್ಮೇಲೆ ನನ್ನ ಮಾತು ಆಡಿ ತೋರಿಸ್ಬೇಡಿ. ತಿದ್ದೋಕೂ ಬರಬೇಡಿ. ಸುಮ್ನೆ ಅಲ್ಲ, ನಾನು ಏಳ್ತಿದೀನಿ."

ಆ ಕ್ಷಣದಲ್ಲೂ ಅವಳ ನಾಲಿಗೆ ಸುಮ್ಮನಿರಲಿಲ್ಲ. "ಏಳು, ಯಾರು ಬೇಡ ಅಂದ್ರು? ಎದ್ದು ಹೋಗಿ ಮಲ್ಕೋ."

ಅವನು ನಗಲಿಲ್ಲ. ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಹೋದ. ಅವಳಿಗೂ ಮುಖ ಉರಿಯಿತು. ಬೇಜಾರಾಯಿತು ಅನ್ನುವುದಕ್ಕಿಂತ ಸಿಟ್ಟು ಬಂತು. ತಾನು ಬಾಚಿದ ತಲೆ, ತಾನು ತಿನ್ನಿಸಿದ ಬಾಯಿ. ಇವತ್ತು ಹೆಂಡತಿ ಬಂದಳು ಅಂತ ತನಗೇ ಕಟ್ಟಳೆ. ಸರಿ ಮಾರಾಯಾ, ತಿದ್ದಲ್ಲ, ನಿನ್ನ ಪಾಡು ನಿನಗೆ, ಅಂದುಕೊಂಡಳು.

ಎರಡು ದಿನ ಬಿಟ್ಟು ಫೋನು ಬಂತು. ಔಷಧಿ ಡಿಪೋದವರ ಕೋಣೆಯ ಅಳತೆ. ಇತ್ತ ಶೆಡ್ಡಿನಲ್ಲಿ ಗರಗಸದ ಯಂತ್ರ ಕಿರುಚುತ್ತಿತ್ತು, ಅತ್ತ ಯಾರೋ ಗೋಡೆ ಒಡೆಯುತ್ತಿದ್ದರು.

"ಅಲೋ. ಬರ್ಕೊಳ್ಳಿ. ಅಗಲ ಒರಗಡೆ ಅನ್ನೆರಡು ಅಡಿ."

ಬೇರೆ ದಿನವಾಗಿದ್ದರೆ ಅವಳು ತಪ್ಪದೆ ಕೇಳುವಳು. ಹದಿನಾರು ವರ್ಷವೂ ಕೇಳಿದ್ದಳು. "ಒಳಗಾ, ಹೊರಗಾ, ಸರಿಯಾಗಿ ಹೇಳೋ." 'ಹ' ಇಲ್ಲದ ಬಾಯಲ್ಲಿ ಒಳಗಡೆಗೂ ಒರಗಡೆಗೂ ಇರುವುದು ಒಂದು 'ಳ', ಒಂದು 'ರ' ಅಷ್ಟೇ ವ್ಯತ್ಯಾಸ. ಗರಗಸದ ಸದ್ದಿನಲ್ಲಿ ಅದು ಕೇಳಿಸಿದರೆ ಕೇಳಿಸಿತು, ಇಲ್ಲವಾದರೆ ಇಲ್ಲ. ಆ ದಿನ ಅವಳ ಕಿವಿಗೆ ಬಿದ್ದದ್ದು 'ರ' ಅಂತಲೇ ಅನ್ನಿಸಿತು. ಖಾತ್ರಿಯಿಲ್ಲ. ಎತ್ತಿದ ಪೆನ್ನು ಹಾಗೇ ನಿಂತಿತು, ಬಾಯಿ ತೆರೆಯಿತು. ಆಗ ಹಿತ್ತಲಿನ ಆ ಮುಖ ನೆನಪಾಯಿತು. ತಿದ್ದಬೇಡ ಅಂದನಲ್ಲ, ಅನುಭವಿಸಲಿ. 'ಒ' ಅಂತ ದುಂಡಗೆ ಬರೆದಳು. "ಮುಂದೆ ಹೇಳು" ಅಂದಳು.

ಔಷಧಿಯವರು ಪೆಟ್ಟಿಗೆ ಲೆಕ್ಕದಲ್ಲಿ ಯಾವಾಗಲೂ ಒಳ ಅಳತೆಯನ್ನೇ ಹೇಳುವವರು. ಹಾಗಾಗಿ ಮೇಸ್ತ್ರಿಗೂ ಅನುಮಾನ ಬರಲಿಲ್ಲ. ಚಿಕ್ಕೋನು ಬೇರೆ ಕಡೆ ಕೋಣೆ ಜೋಡಿಸಲು ಹೋದವನು ಹತ್ತು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ, ಪುಸ್ತಕ ನೋಡಲಿಲ್ಲ. ಆ ಹತ್ತು ದಿನದಲ್ಲಿ ಅವಳಿಗೆ ಅದು ಮರೆತೇ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಕಾಲಿನ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಇವತ್ತು ಕೇಳೋಣ, ನಾಳೆ ಕೇಳೋಣ. ಕೇಳಿದರೆ ತಾನೇ ಮೊದಲು ಸೋತು ಮಾತಾಡಿಸಿದ ಹಾಗೆ. ಕೇಳಲಿಲ್ಲ.

ಹಲಗೆಗಳನ್ನು ಲಾರಿಗೆ ಹೇರಿಕೊಂಡು ಡಿಪೋಗೆ ಹೋದದ್ದು ಒಂದು ಗುರುವಾರ. ಸೋಮವಾರ ಸರ್ಕಾರದ ಇನ್ಸ್‌ಪೆಕ್ಟರು ಬಂದು ಕೋಣೆ ನೋಡಿ ಡಿಪೋಗೆ ಪರವಾನಗಿ ಕೊಡಬೇಕಿತ್ತು. ಮಧ್ಯಾಹ್ನ ಮೇಸ್ತ್ರಿ ಒಬ್ಬನೇ ವಾಪಸು ಬಂದ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಕೂರಲಿಲ್ಲ ಅತ್ತಿಗೆ."

"ಏನು ಕೂರಲಿಲ್ಲ?"

"ಕೋಣೆ. ಗೋಡೆಗೂ ಕಂಬಕ್ಕೂ ನಡುವೆ ಇರೋದು ಹನ್ನೆರಡೂವರೆ ಅಡಿ. ನಾವು ಮಾಡಿರೋದು ಹೊರಗೆ ಹನ್ನೆರಡು ಅಡಿ ಎಂಟಿಂಚು. ನೆಲದ ಹಲಗೆ ಹಾಸುವಾಗಲೇ ಕೊನೇದು ಕಂಬಕ್ಕೆ ಮುಖ ಕೊಟ್ಟು ನಿಂತ್ಕೊಂಡ್ತು. ಬರೀ ಎರಡಿಂಚು. ನಮ್ಮ ಯಜಮಾನರು ಮೊದಲು ಕಂಬದ ಗಾರೆ ಕೆತ್ತಿಸ್ತೀನಿ ಅಂದ್ರು. ಆಮೇಲೆ ಜೊತೆಗೆ ಒಯ್ದಿದ್ದ ಪುಸ್ತಕ ತೆಗೆದು ನೋಡಿದ್ರು."

ಅವಳು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟಳು.

ಮೇಸ್ತ್ರಿ ಹೇಳುತ್ತಾ ಹೋದ. ಡಿಪೋದ ಯಜಮಾನ್ತಿ, ಅವಳ ಕೆಲಸದವರು, ಹಮಾಲಿಗಳು, ಎಲ್ಲರೂ ಸುತ್ತ ನಿಂತಿದ್ದರಂತೆ. ಅಣ್ಣ ತಮ್ಮನನ್ನು ಕೇಳಿದನಂತೆ, "ಫೋನಲ್ಲಿ ಏನಂದೆ?" "ಒರಗಡೆ ಅಂದೆ." "ಒಳಗಡೆ ಅಂದೆಯೋ, ಹೊರಗಡೆ ಅಂದೆಯೋ?" "ಒರಗಡೆ ಅಣ್ಣ, ಒರಗಡೆ." "ನೋಡಿ, ಈಗಲೂ ಹಾಗೇ! ಬಾಯಲ್ಲಿ ಒಂದಕ್ಷರ ನೆಟ್ಟಗೆ ಹೊರಡದವನ ಕೈಗೆ ಟೇಪು ಕೊಟ್ಟಿದ್ದು ನನ್ನ ತಪ್ಪು." ಹಮಾಲಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕನಂತೆ.

"ಅವನು ಏನಂದ?" ಅಂತ ಕೇಳಿದಳು.

"ಟೇಪು ಸುತ್ತಿ ಯಜಮಾನರ ಕೈಗೆ ಕೊಟ್ಟ."

ಮೂರು ದಿನ ಹಗಲೆಲ್ಲಾ ಕೂತು ಹಲಗೆಗಳನ್ನು ಕೊಯ್ದರು. ಕೊಯ್ದ ಅಂಚಿಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಅಲ್ಲಿಗೆ ಫೋಮ್ ತುಂಬಿ ಮೇಲೆ ತಗಡಿನ ಪಟ್ಟಿ ಬಡಿದರು. ಕೋಣೆ ನಿಂತಿತು, ಆದರೆ ಹೊಟ್ಟೆ ಕೊಯ್ದು ಹೊಲಿದ ಗುರುತು ಉಳಿಯಿತು. ಇನ್ಸ್‌ಪೆಕ್ಟರು ಬಂದ ದಿನ ಆ ಹೊಲಿಗೆಯುದ್ದಕ್ಕೂ ತಂಪು ಸೋರಿ ಸಣ್ಣಗೆ ಬೆವರು ಕೂತಿತ್ತು. ಸರಿ ಮಾಡಿಸಿ, ಒಂದು ತಿಂಗಳು ಬಿಟ್ಟು ಬರುತ್ತೇನೆ ಅಂದು ಹೋದರು. ಯಜಮಾನ್ತಿ ಕೂಗಾಡಲಿಲ್ಲ. "ನಿಮ್ಮನ್ನ ನಂಬಿದ್ದೆ" ಅಂದಳಂತೆ. ಕೂಗಾಡಿದ್ದರೆ ವಾಸಿಯಿತ್ತು.

ಅಂದಿನಿಂದ ಅಳತೆಗೆ ಅಣ್ಣನೇ ಹೋಗತೊಡಗಿದ. ಚಿಕ್ಕೋನಿಗೆ ಹಲಗೆ ಹೊರುವುದು, ಸ್ಕ್ರೂ ಬಿಗಿಯುವುದು. ಅವನು ಮಾತು ಬಿಟ್ಟ. ಸಿಟ್ಟಿನಿಂದ ಬಿಟ್ಟಿದ್ದರೆ ಅದು ಬೇರೆ. ಇವನು ಹೆದರಿ ಬಿಟ್ಟಿದ್ದ. ಟೀ ಬೇಕಾ ಅಂದರೆ ತಲೆ ಆಡಿಸುವನು. ಊಟಕ್ಕೆ ಹೊತ್ತಾಯಿತಾ ಅಂದರೆ ಕೈ ಸನ್ನೆ. 'ಹ' ಇಲ್ಲದ ಮಾತುಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದ. "ನಾಳೆ ಬರೋದಿಲ್ಲ" ಅನ್ನುವನು, "ಹುಷಾರಿಲ್ಲ" ಅನ್ನುವುದಕ್ಕೆ ಬಾಯಿ ಬರದು. ಅವನು ನುಂಗಿದ ಪ್ರತಿ ಮಾತೂ ಅತ್ತಿಗೆಗೆ ಕೇಳಿಸುತ್ತಿತ್ತು. ಈಗ ಆ ಕಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹೇಳಿಬಿಡಬೇಕು ಅಂತ ದಿನಾ ಅಂದುಕೊಂಡಳು. ಗಂಡನ ಮುಂದೆ, ಮೇಸ್ತ್ರಿಯ ಮುಂದೆ, ಬೇಕೆಂದೇ ಬರೆದೆ ಅಂದರೆ ನಾಳೆಯಿಂದ ಈ ಮೇಜಿನಲ್ಲಿ ತನಗೆ ಏನು ಮರ್ಯಾದೆ? ಇನ್ನೊಂದು ದಿನ ನೋಡೋಣ ಅನ್ನುವಳು.

ಒಂದು ಬೆಳಿಗ್ಗೆ ಓರಗಿತ್ತಿ ಬಟ್ಟೆ ಹರವಲು ಬಂದವಳು ಪಕ್ಕದಲ್ಲೇ ನಿಂತಳು.

"ಅಕ್ಕ, ಒಂದು ಮಾತು. ಇವರು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು ಏನೋ ಮಾಡ್ತಾರೆ. ಬಾಗಿಲಿಗೆ ಕಿವಿ ಕೊಟ್ಟೆ. ಹ ಹ ಹ ಅಂತಿದ್ರು. ಹೊರಗೆ, ಹೊರಗೆ, ಹೊರಗೆ. ಒಂದು ಸಲ ಬರುತ್ತೆ, ಮೂರು ಸಲ ಬರಲ್ಲ. ಅವತ್ತು ನಾನು ನಗಬಾರದಿತ್ತು ಅಕ್ಕ." ಸೀರೆ ಹಿಂಡುತ್ತಾ ಮತ್ತೆ ಹೇಳಿದಳು, "ಬೇರೆ ಕಂಪನಿಯಲ್ಲಿ ಕೇಳಿಕೊಂಡು ಬಂದಿದ್ದಾರೆ. ಒಂದನೇ ತಾರೀಖಿನಿಂದ ಹೋಗ್ತಾರಂತೆ. ಅಲ್ಲಿ ಯಂತ್ರ ರಿಪೇರಿ, ಯಾರ ಜೊತೆಗೂ ಮಾತಾಡೋ ಅಗತ್ಯ ಇಲ್ಲವಂತೆ."

ಅತ್ತಿಗೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಹಾಕಿ ನೇರ ಶೆಡ್ಡಿಗೆ ನಡೆದಳು.

ಟೀ ಹೊತ್ತು. ಗಂಡ, ಮೇಸ್ತ್ರಿ, ಇಬ್ಬರು ಕೆಲಸದವರು. ಸ್ವಲ್ಪ ದೂರದಲ್ಲಿ ಹಲಗೆಯ ಮೇಲೆ ಕೂತು ಚಿಕ್ಕೋನು ಲೋಟ ಹಿಡಿದಿದ್ದ.

"ಡಿಪೋ ಅಳತೆ ಅವನು ಸರಿಯಾಗೇ ಹೇಳಿದ್ದ. ತಪ್ಪು ಬರೆದೋಳು ನಾನು."

ಗಂಡ ತಲೆಯೆತ್ತಿದ. ಆಮೇಲೆ ಅರ್ಧ ನಕ್ಕ. "ಬಿಡೇ. ಮೈದುನ ಮುಖ ಊದಿಸ್ಕೊಂಡಿದ್ದಾನೆ ಅಂತ ನೀನು ತಲೆ ಕೊಡೋಕೆ ಬಂದ್ಯಾ? ಅದು ಮುಗಿದ ಕತೆ."

"ಮುಗಿದಿಲ್ಲ ರೀ. ನನಗೆ ಕೇಳಿಸಿತ್ತು."

ಮೇಸ್ತ್ರಿ ಬಾಯಿ ಹಾಕಿದ. "ಅತ್ತಿಗೆ ಮನಸ್ಸು ದೊಡ್ಡದು ಬಿಡಿ."

ಯಾರೂ ನಂಬಲಿಲ್ಲ. ಹದಿನಾರು ವರ್ಷ ಒಂದು ಅಂಕಿ ತಪ್ಪದೆ ಬರೆದವಳು ಅಂತ ಅವಳೇ ಎಲ್ಲರ ಮುಂದೆ ಹೇಳಿಕೊಂಡಿದ್ದಳಲ್ಲ, ಆ ಜಂಭವೇ ಈಗ ಅಡ್ಡ ಬಂತು. ಚಿಕ್ಕೋನು ಲೋಟ ಕೆಳಗಿಟ್ಟ. ಮೂರು ವಾರದಲ್ಲಿ ಮೊದಲ ಸಲ ಎಲ್ಲರ ಎದುರು ಬಾಯಿ ತೆರೆದ. "ನನ್ನ ಮೇಲೆ ಕನಿಕರ ಬೇಡ ಅತ್ತಿಗೆ. ನನ್ನ ನಾಲಿಗೆ ನನಗೆ ಗೊತ್ತಿಲ್ವಾ?"

ಅದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಮರ್ಯಾದೆಯ ಲೆಕ್ಕ ಅಲ್ಲಿಗೆ ತಪ್ಪಿತು.

"ಕನಿಕರ ಅಲ್ಲ ಕಣೋ. ನಿನ್ನ ಬಾಯಲ್ಲಿ 'ರ' ಬಂತು. ಬಂತು ಅಂತಲೇ ಅನ್ನಿಸ್ತು. ಸರಿಯಾಗಿ ಕೇಳೋಣ ಅಂತ ಬಾಯಿ ತೆಗೆದೆ. ತಿದ್ದಬೇಡ ಅಂದಿದ್ಯಲ್ಲ, ಅದು ನೆನಪಾಯ್ತು. ಅನುಭವಿಸಲಿ ಅಂದ್ಕೊಂಡೆ. ಹಾಗೇ ಅಂದ್ಕೊಂಡೆ, ಅನುಭವಿಸಲಿ ಅಂತ. ಅಂದ್ಕೊಂಡು ಬರೆದೆ."

ಆ ಒಂದು ಮಾತಿನಿಂದ ಅವನಿಗೆ ನಂಬಿಕೆ ಬಂತು. ಕನಿಕರ ಪಡುವವರು ಯಾರಾದರೂ ತಮ್ಮ ಮೇಲೆ ಇಂಥ ಮಾತು ಹೊರಿಸಿಕೊಳ್ಳುತ್ತಾರೆಯೇ? ಅವನು ಎದ್ದು ನಿಂತ. ಹಲಗೆ ದಢಾರನೆ ಉರುಳಿತು.

"ಇಪ್ಪತ್ತೊಂದು ದಿನ! ಇಪ್ಪತ್ತೊಂದು ದಿನ ನನ್ನ ನಾಲಿಗೆ ಕಿತ್ತಾಕ್ಬೇಕು ಅಂತಿದ್ದೆ ನಾನು! ಎಲ್ಲರ ಮುಂದೆ ಅಣ್ಣ ಬೈದ, ಸರಿ ಅಂತ ಬೈಸ್ಕೊಂಡೆ. ಅಮಾಲಿ ನಕ್ಕ, ಸರಿ ಅಂದೆ. ನಾನೇ ಆಳು ಮಾಡಿದೆ ಅಂತ ನಂಬಿದ್ದೆ. ನೀವು ನೋಡ್ತಾ ಕೂತಿದ್ರಿ! ಏಳೋಕೆ ಏನಾಗಿತ್ತು ನಿಮಗೆ? ಏನಾಗಿತ್ತು?"

ಹಾಳು ಅನ್ನುವುದು ಆಳು ಆಯಿತು, ಹೇಳೋಕೆ ಅನ್ನುವುದು ಏಳೋಕೆ ಆಯಿತು, ಹಮಾಲಿ ಅಮಾಲಿಯಾದ. ಯಾರ ತುಟಿಯೂ ಅಲುಗಲಿಲ್ಲ. ಅವಳು ಕೈ ಕಟ್ಟಿಕೊಂಡು ನಿಂತು ಪೂರ್ತಿ ಕೇಳಿಸಿಕೊಂಡಳು. ಅವಳ ಗಂಡ ನೆಲ ನೋಡುತ್ತಾ ಕೂತಿದ್ದ. ಡಿಪೋದಲ್ಲಿ ತಾನು ಆಡಿದ ಮಾತು ಈಗ ಅವನಿಗೇ ತಿರುಗಿ ಕೇಳಿಸುತ್ತಿತ್ತೇನೋ. ಆಮೇಲೆ ಎದ್ದು, ಗೋಡೆಯ ಮೊಳೆಯಿಂದ ಟೇಪು ತೆಗೆದು, ತಮ್ಮನ ಪಕ್ಕದಲ್ಲಿಟ್ಟು ಹೊರಗೆ ಹೋದ. ಚಿಕ್ಕೋನು ಅದನ್ನು ಅವತ್ತು ಮುಟ್ಟಲಿಲ್ಲ.

ಮರುದಿನ ಸಂಜೆ ಅಣ್ಣನೂ ತಮ್ಮನೂ ಡಿಪೋಗೆ ಹೋದರು. ಹಮಾಲಿಗಳು ಇದ್ದ ಹೊತ್ತು ನೋಡಿಕೊಂಡೇ ಅಣ್ಣ ಕರೆದುಕೊಂಡು ಹೋಗಿದ್ದ. "ಅಳತೆ ನನ್ನ ತಮ್ಮಂದು ಸರಿ ಇತ್ತಮ್ಮ, ನಮ್ಮ ಮನೇಲಿ ಬರೆದುಕೊಳ್ಳೋದ್ರಲ್ಲಿ ತಪ್ಪಾಯ್ತು" ಅಂತ ಯಜಮಾನ್ತಿಗೆ ಹೇಳಿದನಂತೆ. ಒಂದನೇ ತಾರೀಖು ಬಂತು, ಚಿಕ್ಕೋನು ಬೇರೆ ಕಂಪನಿಗೆ ಹೋಗಲಿಲ್ಲ. ಇಷ್ಟು ಕೇಳಿದವರು ಎಲ್ಲ ಸರಿಹೋಯಿತು ಅಂದುಕೊಳ್ಳಬಹುದು. ಆದರೆ ಅವನು ಅತ್ತಿಗೆಯ ಅಡುಗೆಮನೆಗೆ ಬರುವುದನ್ನು ಬಿಟ್ಟ. ಅವನ ಊಟವನ್ನು ಅವನ ಹೆಂಡತಿ ಬೇರೆ ಡಬ್ಬಿಯಲ್ಲಿ ಕಟ್ಟತೊಡಗಿದಳು. ಅತ್ತಿಗೆಯೂ ದನಿ ಆಡಿ ತೋರಿಸುವುದನ್ನು ನಿಲ್ಲಿಸಿದಳು. ಕೆಲಸದವರು ಒಂದೆರಡು ಸಲ ಕೇಳಿ, ಅವಳ ಮುಖ ನೋಡಿ, ಕೇಳುವುದನ್ನೇ ಬಿಟ್ಟರು.

ಎರಡು ವಾರ ಕಳೆದ ಮೇಲೆ ಮೀನಿನ ಸಾಹುಕಾರರ ಎರಡನೇ ಕೋಣೆಯ ಕೆಲಸ ಬಂತು. ಚಿಕ್ಕೋನು ಟೇಪು ಜೇಬಿಗೆ ಹಾಕಿಕೊಂಡು ಹೋದ. ಹನ್ನೊಂದರ ಹೊತ್ತಿಗೆ ಫೋನು ಬಡಿಯಿತು. ಅವಳು ಮೊದಲು ಮೇಸ್ತ್ರಿಗೆ ಕೈ ಮಾಡಿ ಗರಗಸ ನಿಲ್ಲಿಸಿದಳು.

"ಬರ್ಕೊಳ್ಳಿ. ಬೆನ್ನು ಅದಿನಾಲ್ಕು ಅಡಿ."

ಅವಳಿಗೆ ಅರ್ಥವಾಗಲಿಲ್ಲ. "ಏನದು, ಬೆನ್ನು?"

"ಕೋಣೆ ಬೆನ್ನು. ಈಚೆ ಕಡೆ ಕಾಣೋದು. ಸಾಮಾನು ಇಡೋ ಕಡೆಯದು ಒಟ್ಟೆ. ಒಟ್ಟೆ ಅದಿಮೂರು ಅಡಿ ನಾಲ್ಕಿಂಚು. ಒಂದಕ್ಕೊಂದು ತಾಳೆ ನೋಡ್ಕೊಳ್ಳಿ."

ಬೆನ್ನು, ಹೊಟ್ಟೆ. ಯಾವ ಗರಗಸದ ಸದ್ದಿನಲ್ಲೂ ಒಂದು ಇನ್ನೊಂದಾಗಿ ಕೇಳಿಸದ ಎರಡು ಮಾತು. ಎಷ್ಟು ದಿನ ಕೂತು ಹುಡುಕಿದ್ದನೋ. ಅವಳು ಬಿಡಿಸಿ ಬಿಡಿಸಿ ತಿರುಗಿ ಹೇಳಿದಳು. "ಬೆನ್ನು ಹದಿನಾಲ್ಕು. ಹೊಟ್ಟೆ ಹದಿಮೂರು ಅಡಿ ನಾಲ್ಕಿಂಚು. ಸರಿಯಾ?"

"ಊಂ."

ಮುಂಚೆಯಾಗಿದ್ದರೆ ಇವತ್ತು ಏನು ಅಡುಗೆ ಅಂತ ಕೇಳುತ್ತಿದ್ದ. ಅವಳು ಕಾದಳು. ಅತ್ತ ಕಡೆ ಫೋನು ಇಟ್ಟ ಸದ್ದು ಬಂತು.

ಪುಸ್ತಕ ತೆರೆದಳು. ಬೆನ್ನಿಗೆ 'ಬೆ' ಹಾಕಬಹುದು. ಹೊಟ್ಟೆಗೆ 'ಹೊ' ಅಂತ ಹಾಕಿದರೆ ಮೇಸ್ತ್ರಿ ಹಳೆಯ ಅಭ್ಯಾಸದಲ್ಲಿ ಹೊರಗಡೆ ಅಂದುಕೊಂಡಾನು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಪೂರ್ತಿಯಾಗಿ, ದುಂಡಗೆ, 'ಒಟ್ಟೆ ೧೩-೪' ಅಂತ ಬರೆದಳು.

ಗಂಡ ಹಿಂದಿನಿಂದ ಬಗ್ಗಿ ನೋಡಿದ. "ಏನೇ ಇದು? 'ಹ' ಬಿಟ್ಟಿದ್ದೀಯಲ್ಲ."

"ಅವನು ಹೇಳಿದ್ದು ಹಾಗೇ" ಅಂದಳು, ಪುಸ್ತಕವನ್ನು ಮೇಸ್ತ್ರಿಯ ಕಡೆಗೆ ತಿರುಗಿಸಿಟ್ಟಳು.